ಕಡತಗಳು ಬಂದವು, ಅಕ್ಷರಗಳನ್ನು ನಾವೇ ತರಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಬೇಕಾದ ಟಿಪಿಎಂ 2.0 ಭದ್ರತಾ ಚಿಪ್ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಇಲ್ಲದ್ದರಿಂದ, ಮೂಡಿಗೆರೆ ಸಮೀಪದ ನಮ್ಮ ಮನೆಗೆ ಹೊಸದೊಂದು ಬಂದಿತು. ಹಳೆಯದರಲ್ಲಿ ಕಾಫಿ ತೋಟದ ಲೆಕ್ಕಪತ್ರ, ತಂದೆಯವರು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುತ್ತಿದ್ದ ಮಳೆಯ ದಾಖಲೆ, ನನ್ನ ಬರಹಗಳು ಇದ್ದವು. ಇವನ್ನೆಲ್ಲ ಕ್ಲೌಡ್, ಅಂದರೆ ಅಂತರ್ಜಾಲದಲ್ಲಿ ಸಿಗುವ ಸಂಗ್ರಹ ಜಾಗದ ಮೂಲಕ ಸಾಗಿಸಿದೆ.

ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಆದ್ದರಿಂದ ಬರಹ ಮತ್ತು ಲೆಕ್ಕಗಳನ್ನು ಕ್ಲೌಡಿಗೆ ಏರಿಸಿ, ಫೋಟೋಗಳನ್ನು ಹಾರ್ಡ್ ಡಿಸ್ಕಿನಲ್ಲಿ ಒಯ್ದೆ. ಕರೆಂಟ್ ಹೋಗಿ ಬಂದರೂ ಏರಿಕೆ ತಾನಾಗಿ ಮುಂದುವರಿಯುತ್ತದೆಯಾದರೂ, ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗುವ ಮಲೆನಾಡಿನಲ್ಲಿ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಹೊಸ ಯಂತ್ರದಲ್ಲಿ ಖಾತೆಗೆ ಪ್ರವೇಶಿಸುವಾಗ ಒಟಿಪಿ ಬೇಕಾಗಬಹುದು. ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗದ ನಮ್ಮಂಥ ಕಡೆ, ಎರಡು ಹಂತದ ಪರಿಶೀಲನೆಗೆಂದು ಗೂಗಲ್ ಕೊಡುವ ಹತ್ತು ಬ್ಯಾಕಪ್ ಸಂಖ್ಯೆಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಸಂಗತಿ ಬೇರೆಯೇ ಇದೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತದೊಳಗೆ ವಾಸ್ತವವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವನ್ನು ಕನ್ನಡವಾಗಿ ತೋರಿಸುವುದು ಆ ಫಾಂಟು. ಫಾಂಟುಗಳು ದಾಖಲೆಗಳ ಫೋಲ್ಡರಿನಲ್ಲಿರದೆ ವಿಂಡೋಸ್‌ನ ಒಳಗಿರುವುದರಿಂದ ಕ್ಲೌಡ್ ಅವನ್ನು ಹೊತ್ತು ತರುವುದಿಲ್ಲ, ಹೊಸ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಅದೇ ಫಾಂಟನ್ನು ಮತ್ತೆ ಹಾಕಿಕೊಂಡರೆ ಓದಬಹುದು, ನಿಜ. ಆದರೆ ಕ್ಲೌಡಿನ ಹುಡುಕಾಟಕ್ಕೆ ಆ ಕಡತದಲ್ಲಿ ಒಂದು ಕನ್ನಡ ಪದವೂ ಸಿಗದು. ಫೋನಿನಲ್ಲಿಯೂ ಅದು ಓದಲು ಬಾರದು.

ಶಾಶ್ವತ ಪರಿಹಾರವೆಂದರೆ ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಗೆ, ಪರಿವರ್ತಿಸುವುದು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡವಿದೆ. ಪರಿವರ್ತನೆಯ ನಂತರ ಪ್ರತಿ ಪುಟವನ್ನೂ ಓದಿ ತಿದ್ದಬೇಕು, ಅದರಲ್ಲೂ ಅರ್ಕಾವತ್ತನ್ನು: ಹಳೆಯ ಫಾಂಟುಗಳಲ್ಲಿ ಅದು ವ್ಯಂಜನದ ನಂತರ ದಾಖಲಾಗುತ್ತಿತ್ತು, ಯೂನಿಕೋಡಿನಲ್ಲಿ ರಕಾರವೇ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ತಪ್ಪು ನುಸುಳುವ ಸಾಧ್ಯತೆ ಇರುವುದರಿಂದ ಮೂಲ ಕಡತವನ್ನೂ ಜೊತೆಗೇ ಉಳಿಸಿಕೊಳ್ಳುತ್ತಿದ್ದೇನೆ.

ಇನ್ನೊಂದು ಎಚ್ಚರವೂ ಅಗತ್ಯ. ಸಿಂಕ್ ಆಗುತ್ತಿರುವ, ಅಂದರೆ ಎರಡೂ ಯಂತ್ರಗಳಲ್ಲಿ ತಾನಾಗಿ ಒಂದೇ ರೀತಿ ಹೊಂದಿಕೊಳ್ಳುವ ಫೋಲ್ಡರಿನಿಂದ ಹಳೆಯ ಯಂತ್ರದಲ್ಲಿ ಅಳಿಸಿದ್ದು ಹೊಸದರಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ ಮಾತ್ರ. ಮಳೆಯ ದಾಖಲೆಯ ಪರಿವರ್ತನೆ ಇನ್ನೂ ಬಾಕಿ ಇರುವುದರಿಂದ ಹಳೆಯ ಕಂಪ್ಯೂಟರನ್ನು ಹಾಗೆಯೇ ಇಟ್ಟಿದ್ದೇನೆ. ಅದು ಮುಗಿದ ಮೇಲೆ ಮೊದಲು ಖಾತೆಯನ್ನು ಬೇರ್ಪಡಿಸಿ, ಅನಂತರವೇ ಡಿಸ್ಕನ್ನು ಅಳಿಸುತ್ತೇನೆ.