1.2 ಎಂದರೆ ಯಾವುದರ ಅನುಪಾತ?

ಗಾಳಿ ಹರಿಯುವ ಮಾರ್ಗವನ್ನು ಸೆಲ್ ಎಂಬ ಸಣ್ಣ ತುಣುಕುಗಳಾಗಿ ವಿಂಗಡಿಸಿ, ಹರಿವಿನ ಲೆಕ್ಕಕ್ಕೆ ನಾಲ್ಕು ದಿನ ಸರ್ವರ್ ಓಡಿಸಿ ಪಡೆದ ಫಲಿತಾಂಶವನ್ನು ತಂಡದ ಹಿರಿಯರೊಬ್ಬರ ಮುಂದಿಟ್ಟಾಗ ಅವರು ಗ್ರಾಫಿನ ಕಡೆ ಕಣ್ಣೇ ಹಾಯಿಸಲಿಲ್ಲ. "ಗೋಡೆಗೆ ಅಂಟಿದ ಮೊದಲ ಸೆಲ್ ಎಷ್ಟು ದಪ್ಪ ಇದೆ?" ಎಂದು ಕೇಳಿದರು.

"0.01 ಮಿಲಿಮೀಟರ್ ಸರ್."

"ಲೆಕ್ಕ ಹಾಕಿ ಹೇಳುತ್ತಿದ್ದೀರೋ, ಅಳೆದು ಹೇಳುತ್ತಿದ್ದೀರೋ?"

ಅಳೆದಿರಲಿಲ್ಲ. ಅಳೆದಾಗ ಸಿಕ್ಕಿದ್ದು 1.2 ಮಿ.ಮೀ., ಬೇಕಾದದ್ದರ ನೂರಿಪ್ಪತ್ತು ಪಟ್ಟು.

ಕೆಲಸ ಗಾಳಿ ಹರಿಯುವ ಡಿಫ್ಯೂಸರ್ ಒಂದರದು. ಮುಂದೆ ಹೋದಂತೆ ಅಗಲವಾಗುವ ಮಾರ್ಗ. ಹರಿವು ಎಲ್ಲಿ ಗೋಡೆಯನ್ನು ಬಿಟ್ಟು ಸರಿಯುತ್ತದೆ ಎಂಬುದೇ ಪ್ರಶ್ನೆ. ಒಳಬರುವ ವೇಗ ಸೆಕೆಂಡಿಗೆ 40 ಮೀಟರ್. ಆ ವೇಗದಲ್ಲಿ ಗೋಡೆಯ ಪಕ್ಕದ ತೆಳು ಸ್ನಿಗ್ಧ ಪದರವನ್ನು ಹಿಡಿಯಬೇಕಾದರೆ, ಅಂದರೆ ವೈ-ಪ್ಲಸ್ (ಗೋಡೆಯಿಂದಿರುವ ದೂರವನ್ನು ಹರಿವಿನದೇ ಅಳತೆಗೋಲಿನಲ್ಲಿ ಹೇಳುವ ಸಂಖ್ಯೆ) 1ರ ಆಸುಪಾಸಿನಲ್ಲಿ ಇರಬೇಕಾದರೆ, ಮೊದಲ ಸೆಲ್ ಸುಮಾರು 0.01 ಮಿ.ಮೀ. ಇರಬೇಕು. ಗೋಡೆಯಿಂದ ನಡುಗೆರೆಗೆ 50 ಮಿ.ಮೀ. ಅಷ್ಟು ದೂರಕ್ಕೂ ಅದೇ ಗಾತ್ರವಿಟ್ಟರೆ ಒಂದೇ ಗೆರೆಗೆ 5000 ಸೆಲ್ ಬೇಕು. ಆದ್ದರಿಂದ ನೋಡ್‌ಗಳನ್ನು, ಅಂದರೆ ಸೆಲ್‌ಗಳ ಗಡಿ ಗುರುತಿಸುವ ಬಿಂದುಗಳನ್ನು, ಗೋಡೆಯ ಬಳಿ ಒತ್ತೊತ್ತಾಗಿ, ದೂರ ಸರಿದಂತೆ ವಿರಳವಾಗಿ ಇಡುತ್ತೇವೆ. ಪ್ರತಿ ಸೆಲ್ ತನ್ನ ಹಿಂದಿನದರ 1.2 ಪಟ್ಟು.

ಲೆಕ್ಕ ಹೈಸ್ಕೂಲಿನ ಗುಣೋತ್ತರ ಶ್ರೇಢಿಯದೇ. ಮೊದಲ ಪದ 0.01, ಸಾಮಾನ್ಯ ಅನುಪಾತ 1.2, ಮೊತ್ತ 50 ಎಂದು ಇಟ್ಟು ಪದಗಳ ಸಂಖ್ಯೆ ಕೇಳಿದರೆ 37.89 ಬರುತ್ತದೆ. ಸೆಲ್ಲನ್ನು ತುಂಡು ಮಾಡಲಾಗದು, 38 ಎನ್ನಬೇಕು. ಆಗ ಅನುಪಾತ ತುಸು ಇಳಿದು 1.1993 ಆಗುತ್ತದೆ. ಇಲ್ಲಿಯವರೆಗೆ ನನ್ನ ಕಾಗದದ ಮೇಲೆ ತಪ್ಪೇನೂ ಇರಲಿಲ್ಲ.

ತಪ್ಪಾದದ್ದು ಆ ಸಂಖ್ಯೆಯನ್ನು ಫೈಲಿಗೆ ಬರೆದಾಗ. ಅದುವರೆಗೆ ಮೆಶ್ (ಸೆಲ್‌ಗಳ ಜಾಲ) ಕಟ್ಟಲು ಜಿಮೆಶ್ ಎಂಬ ತಂತ್ರಾಂಶ ಬಳಸಿ ಅಭ್ಯಾಸವಾಗಿದ್ದವನು ನಾನು. ಅಲ್ಲಿ ಪ್ರೋಗ್ರೆಶನ್ ಎಂದು ಕೊಡುವುದು ಒಂದು ಸೆಲ್ಲಿಗೂ ಅದರ ಮುಂದಿನದಕ್ಕೂ ಇರುವ ಅನುಪಾತ. ಈ ಕೆಲಸ ಹರಿವಿನ ಲೆಕ್ಕ ಹಾಕುವ ಓಪನ್‌ಫೋಮ್‌ನದು; ಅದರಲ್ಲಿ ಮೆಶ್ ಕಟ್ಟುವ ಬ್ಲಾಕ್‌ಮೆಶ್ ಕೇಳುವುದು ಗೆರೆಯ ಕೊನೆಯ ಸೆಲ್ಲಿಗೂ ಮೊದಲ ಸೆಲ್ಲಿಗೂ ಇರುವ ಅನುಪಾತ. ನಾನು 832 (1.1993ರ 37ನೇ ಘಾತ) ಎಂದು ಬರೆಯಬೇಕಿದ್ದ ಜಾಗದಲ್ಲಿ 1.2 ಎಂದು ಬರೆದಿದ್ದೆ. 38 ಸೆಲ್‌ಗಳೂ ಹೆಚ್ಚುಕಡಿಮೆ ಒಂದೇ ದಪ್ಪವಾಗಿ ಕೂತವು. ಇನ್ನೊಂದು ಕೊಕ್ಕೆಯೂ ಇದೆ: ಜಿಮೆಶ್ ಕೇಳುವುದು ನೋಡ್‌ಗಳ ಸಂಖ್ಯೆ, ಬ್ಲಾಕ್‌ಮೆಶ್ ಕೇಳುವುದು ಸೆಲ್‌ಗಳ ಸಂಖ್ಯೆ. ರಂಗೋಲಿಯಲ್ಲಿ ಎಂಟು ಚುಕ್ಕಿ ಇಟ್ಟರೆ ನಡುವೆ ಏಳೇ ಸಂದು. ಹಾಗಾಗಿ ಒಂದೇ ಗೆರೆ ಅಲ್ಲಿ 39 ಮತ್ತು 1.1993, ಇಲ್ಲಿ 38 ಮತ್ತು 832.

ನನ್ನನ್ನು ಹೆಚ್ಚು ಕಾಡಿದ್ದು ತಪ್ಪಲ್ಲ, ಅದು ನಾಲ್ಕು ದಿನ ಬಾಯಿಬಿಡದೆ ಕೂತದ್ದು. ಲೆಕ್ಕ ಸಲೀಸಾಗಿ ಮುಗಿದಿತ್ತು, ಒತ್ತಡದ ಅಂಕಿಗಳೂ ನಂಬುವ ಹಾಗಿದ್ದವು. 1.2 ಮಿ.ಮೀ. ಸೆಲ್ಲಿನ ಮಧ್ಯಬಿಂದು ವೈ-ಪ್ಲಸ್ 60ರ ಸುತ್ತ ಬೀಳುತ್ತದೆ. ಅದು ವಾಲ್ ಫಂಕ್ಷನ್ ಎಂಬ ಸಿದ್ಧ ಸೂತ್ರಗಳಿಗೆ ಹೇಳಿ ಮಾಡಿಸಿದ ಜಾಗ. ಗೋಡೆಯ ಬಳಿಯ ಪದರವನ್ನು ಲೆಕ್ಕ ಹಾಕುವ ಬದಲು ಪ್ರೋಗ್ರಾಂ ಅದನ್ನು ಸೂತ್ರದಿಂದ ಊಹಿಸಿಕೊಂಡು ಮುಂದೆ ಹೋಗಿತ್ತು. ಹರಿವು ಗೋಡೆ ಬಿಡುವ ಜಾಗವನ್ನು ಕೇಳಿದ ಗ್ರಾಹಕರಿಗೆ ಆ ಊಹೆಯನ್ನೇ ಉತ್ತರವೆಂದು ಕಳುಹಿಸುವುದರಲ್ಲಿದ್ದೆ.

832 ಹಾಕಿದ ಮೇಲೂ ಮೆಶ್ ಚೆನ್ನಾಗಿರಲಿಲ್ಲ ಎಂಬುದು ಬೇರೆ ಮಾತು. ಗೋಡೆಯ ಬಳಿ ಸರಿ, ಆದರೆ ನಡುಗೆರೆಯ ಹತ್ತಿರ ಕೊನೆಯ ಸೆಲ್ 8.3 ಮಿ.ಮೀ. ಊದಿಕೊಂಡಿತ್ತು. ಕೊನೆಗೆ ಗೆರೆಯನ್ನು ಎರಡು ಭಾಗ ಮಾಡಿದೆ. 1.2ರ ಅನುಪಾತದಲ್ಲಿ 26 ಸೆಲ್ ಬೆಳೆಸಿದರೆ ಗೋಡೆಯಿಂದ 5.7 ಮಿ.ಮೀ. ದೂರ ಬರುತ್ತೇವೆ, ಅಲ್ಲಿ ಸೆಲ್ 0.95 ಮಿ.ಮೀ. ಆಗಿರುತ್ತದೆ. ಉಳಿದ 44 ಮಿ.ಮೀ.ಗೆ ಸಮವಾಗಿ 44 ಸೆಲ್. ಒಟ್ಟು 70. ಸೆಲ್‌ಗಳು ಹೆಚ್ಚಾದವು, ಆದರೆ ಎರಡು ಭಾಗ ಕೂಡುವಲ್ಲಿ ಗಾತ್ರ ದಿಢೀರನೆ ಜಿಗಿಯಲಿಲ್ಲ.

ಅನುಪಾತ ಹುಡುಕಲು ಈಗ ನನ್ನದೇ ಚಿಕ್ಕ ಸ್ಕ್ರಿಪ್ಟ್ ಇದೆ. ಮೊದಲು, ಒಂದು ಊಹೆಯಿಂದ ಹೊರಟು ಉತ್ತರದ ಹತ್ತಿರ ಸರಿಯುವ ನ್ಯೂಟನ್ ವಿಧಾನ ಹಾಕಿ ಆರಂಭದ ಬೆಲೆ 1 ಎಂದು ಕೊಟ್ಟೆ. ಛೇದ ಸೊನ್ನೆಯಾಗಿ ಅದು ಅಲ್ಲೇ ಮಲಗಿತು. ಈಗ ವ್ಯಾಪ್ತಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುತ್ತೇನೆ. ನಿಧಾನ, ಆದರೆ ಎಡವುವುದಿಲ್ಲ. ಈ ಬೆಲೆ ಎಷ್ಟು ಸೂಕ್ಷ್ಮವೆಂದರೆ, ಅದೇ 38 ಸೆಲ್‌ಗೆ 1.2ರ ಬದಲು 1.25 ಎಂದರೆ ಮೊದಲ ಸೆಲ್ 0.0026 ಮಿ.ಮೀ.ಗೆ ಕುಗ್ಗುತ್ತದೆ, ಕಾಲು ಭಾಗ! ಕೊನೆಯ ನೋಡನ್ನು ಕೂಡುತ್ತಾ ಹೋಗಿ ತಲುಪುವುದಿಲ್ಲ, ಗೆರೆಯ ತುದಿಯ ನಿರ್ದೇಶಾಂಕವನ್ನೇ ನೇರವಾಗಿ ಬರೆಯುತ್ತೇನೆ. ಪಕ್ಕದ ಬ್ಲಾಕಿನೊಂದಿಗೆ ಕೂದಲೆಳೆಯ ಬಿರುಕು ಉಳಿಯಬಾರದು. ಮೆಶ್ ಆದ ಮೇಲೆ ಸ್ಕ್ರಿಪ್ಟ್ ಫೈಲನ್ನು ಮತ್ತೆ ಓದಿ ಮೊದಲ ಮೂರು ಸೆಲ್‌ಗಳ ದಪ್ಪ ಅಚ್ಚು ಮಾಡುತ್ತದೆ. ಗೆರೆಯ ದಿಕ್ಕು ತಿರುಗುಮುರುಗಾಗಿ ಸಣ್ಣ ಸೆಲ್‌ಗಳೆಲ್ಲ ನಡುಗೆರೆಯಲ್ಲಿ ಗುಂಪುಗೂಡಿದ್ದೂ ಒಮ್ಮೆ ಹೀಗೆಯೇ ಸಿಕ್ಕಿಬಿತ್ತು.

ಸದ್ಯ ತಲೆನೋವು ಬಾಗಿದ ಗೆರೆಗಳದು. ಸ್ಪ್ಲೈನಿನ (ಬಿಂದುಗಳ ಮೂಲಕ ಎಳೆದ ನಯವಾದ ವಕ್ರರೇಖೆಯ) ಮೇಲೆ ಅನುಪಾತವನ್ನು ಪ್ಯಾರಾಮೀಟರಿಗೆ, ಅಂದರೆ ರೇಖೆಯ ಮೇಲಿನ ಜಾಗ ಹೇಳುವ ಚರಸಂಖ್ಯೆಗೆ, ಅನ್ವಯಿಸಿದರೆ ಬಾಗು ಹೆಚ್ಚಿರುವಲ್ಲಿ ಅಂತರ ಕೆಡುತ್ತದೆ, ಚಾಪದ ಉದ್ದಕ್ಕೇ ಅನ್ವಯಿಸಬೇಕು. ಆ ಉದ್ದವನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಕೂಡಿ ಪಟ್ಟಿ ಮಾಡುವ ಭಾಗವನ್ನು ಈ ವಾರ ಬರೆಯುತ್ತಿದ್ದೇನೆ.