ಬ್ರೈಟ್‌ನೆಸ್ ಮುಟ್ಟುವ ಮೊದಲು

ಹೋಮ್ ಥಿಯೇಟರ್ ಜೋಡಿಸಿ, ಟಿವಿ ಸೆಟ್ಟಿಂಗ್ ಸರಿಮಾಡಿ ಕೊಡುವುದು ನನ್ನ ಕೆಲಸ. ಬೆಂಗಳೂರಲ್ಲಿ ಈ ಕೆಲಸ ಮಾಡುವವರಿಗೆ ಟಿವಿ ಕೆಟ್ಟಿದೆ ಅನ್ನುವ ಫೋನ್‌ಗಿಂತ "ಸಿನಿಮಾ ಹಾಕಿದ್ರೆ ಬರೀ ಕತ್ತಲೆ, ಏನೂ ಕಾಣಿಸ್ತಿಲ್ಲ" ಅನ್ನುವ ಫೋನೇ ಜಾಸ್ತಿ. ಅಮೆರಿಕದ ನಿರ್ದೇಶಕ ರಾಬರ್ಟ್ ಎಗರ್ಸ್ ಅವರ ರಕ್ತಪಿಶಾಚಿ ಸಿನಿಮಾ 'ನೊಸ್ಫೆರಾಟು' ಡಿಸ್ಕ್ ಬಂದ ಮೇಲಂತೂ ಕೇಳಲೇಬೇಡಿ. ಹೊಸದಾಗಿ ಸೇರುವ ಹುಡುಗರಿಗೆ ಈಗ ಇದೇ ಸಿನಿಮಾ ಹಾಕಿ ಕೆಲಸ ಹೇಳಿಕೊಡುತ್ತೇನೆ.

1922ರಲ್ಲಿ ಜರ್ಮನಿಯಲ್ಲಿ ಎಫ್. ಡಬ್ಲ್ಯು. ಮುರ್ನೌ ತೆಗೆದ ಮೂಕಿ ಚಿತ್ರದ ರೀಮೇಕ್ ಇದು. ನಡುವೆ 1979ರಲ್ಲಿ ವರ್ನರ್ ಹೆರ್ಜಾಗ್ ಕೂಡ ಒಮ್ಮೆ ಮಾಡಿದ್ದರು. ಎಗರ್ಸ್ ಅವರದು 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂತು, 2025ರ ಫೆಬ್ರವರಿಯಲ್ಲಿ 4ಕೆ ಡಿಸ್ಕ್ ಆಯಿತು. ಕ್ಯಾಮೆರಾ ಜರಿನ್ ಬ್ಲಾಷ್ಕಿ ಅವರದು. 35 ಎಂಎಂ ಫಿಲ್ಮ್‌ನಲ್ಲಿ ತೆಗೆದಿದ್ದಾರೆ. ಬೆಳದಿಂಗಳ ಸೀನ್‌ಗಳಿಗೆ ಕೆಂಪು ಬೆಳಕನ್ನು ತಡೆಯುವ ಫಿಲ್ಟರ್ ಬಳಸಿದ್ದಾರೆ. ಅದಕ್ಕೇ ರಾತ್ರಿಯಾದ ಕೂಡಲೇ ಬಣ್ಣವೆಲ್ಲ ಇಂಗಿ, ನೀಲಿ ಬೆರೆತ ಬೂದು ಮಾತ್ರ ಉಳಿಯುತ್ತದೆ. ನಿಜವಾದ ಬೆಳದಿಂಗಳಲ್ಲೂ ನಮ್ಮ ಕಣ್ಣಿಗೆ ಬಣ್ಣ ಅಷ್ಟಾಗಿ ಕಾಣುವುದಿಲ್ಲ ಅಲ್ವಾ. ಅಂದರೆ ಈ ಕತ್ತಲೆಯಲ್ಲಿ ಮುಕ್ಕಾಲು ಪಾಲು ಬೇಕೆಂದೇ ಇಟ್ಟದ್ದು. ಉಳಿದ ಕಾಲು ಭಾಗ ಟಿವಿಯದ್ದೋ, ಪ್ಲೇಯರಿನದ್ದೋ, ಹಾಲ್‌ನ ಕಿಟಕಿಯದ್ದೋ ಇರುತ್ತದೆ. ಅದನ್ನು ಹುಡುಕುವುದಕ್ಕೇ ನಮಗೆ ದುಡ್ಡು ಕೊಡುವುದು.

ಜಯನಗರದ ಒಂದು ಮನೆ. ಯಜಮಾನರು ಬ್ಯಾಂಕಿನಿಂದ ರಿಟೈರ್ ಆದವರು, ಹಳೇ ಹಾರರ್ ಸಿನಿಮಾ ಅಂದರೆ ಪ್ರಾಣ. ಮಗಳು ಅಮೆರಿಕದಿಂದ ಡಿಸ್ಕ್ ಕಳಿಸಿದ್ದಳು. ನಾವು ಹೋದಾಗ ಸಂಜೆ ನಾಲ್ಕರ ಬಿಸಿಲು. ಟಿವಿಯ ಎದುರಿಗೇ ಪಶ್ಚಿಮದ ದೊಡ್ಡ ಕಿಟಕಿ, ಮೇಲೆ ಟ್ಯೂಬ್‌ಲೈಟ್. ಹಿಮದ ಕಾಡುದಾರಿಯಲ್ಲಿ ನಾಯಕ ಒಬ್ಬನೇ ನಿಂತಿರುವಾಗ ಸಾರಥಿಯೇ ಇಲ್ಲದ ಕುದುರೆ ಗಾಡಿ ಬರುತ್ತದಲ್ಲ, ಆ ಸೀನ್ ನಿಲ್ಲಿಸಿ ತೋರಿಸಿದರು. ಕಾಣುತ್ತಿದ್ದದ್ದು ಅವರ ಸೋಫಾ ಮತ್ತು ಕಿಟಕಿಯ ಸರಳು.

ನಮ್ಮ ಹುಡುಗ ಆಗಲೇ ರಿಮೋಟ್ ಕೈಗೆತ್ತಿಕೊಂಡಿದ್ದ. "ಅಣ್ಣಾ, ಬ್ರೈಟ್‌ನೆಸ್ ಏರಿಸ್ಲಾ?"

"ಬೇಡ ಕಣೋ. ಮೊದ್ಲು ಕರ್ಟನ್ ಎಳಿ."

ಕರ್ಟನ್ ಎಳೆದದ್ದೇ ತಡ, ಅರ್ಧ ಸಿನಿಮಾ ವಾಪಸ್ ಬಂತು. ಯಜಮಾನರು ನಕ್ಕರು. ಆದರೂ ನಾಯಕನ ಕೋಟು ಒಂದು ಕಪ್ಪು ಮುದ್ದೆಯಾಗಿಯೇ ಇತ್ತು. ಆ ಸೀನಿನಲ್ಲಿ ನಾನು ಮುಖ ನೋಡುವುದಿಲ್ಲ, ಕೋಟಿನ ಮಡಿಕೆ ನೋಡುತ್ತೇನೆ. ಮಡಿಕೆ ಕಾಣಬೇಕು, ಹಿಂದಿನ ಮರದ ಬುಡಗಳು ಒಂದರಿಂದ ಒಂದು ಬೇರೆಯಾಗಿ ಕಾಣಬೇಕು, ಅದಕ್ಕೂ ಹಿಂದಿನದು ಕಾಣಬಾರದು. ಮಡಿಕೆ ಇಲ್ಲ ಅಂದರೆ ಎಲ್ಲೋ ಕಪ್ಪು ಕಚ್ಚಿಕೊಂಡಿದೆ ಅಂತ ಅರ್ಥ. ಅಪ್ಪಟ ಕಪ್ಪು ಎಲ್ಲಿಂದ ಶುರು, ಅಪ್ಪಟ ಬಿಳಿ ಎಲ್ಲಿಗೆ ಕೊನೆ ಅನ್ನುವ ಲೆಕ್ಕಕ್ಕೆ ಫುಲ್, ಲಿಮಿಟೆಡ್ ಅಂತ ಎರಡು ರೇಂಜ್ ಇವೆ. ಇಲ್ಲಿ ಪ್ಲೇಯರ್ ಫುಲ್ ರೇಂಜ್‌ನಲ್ಲಿ ಕಳಿಸುತ್ತಿತ್ತು, ಟಿವಿ ಲಿಮಿಟೆಡ್ ಅಂತ ಓದುತ್ತಿತ್ತು. ಎರಡನ್ನೂ ಲಿಮಿಟೆಡ್‌ಗೆ ತಂದೆವು. ಜೊತೆಗೆ ಕರೆಂಟ್ ಉಳಿಸುವ ಮೋಡ್ ಆನ್ ಇತ್ತು. ಪೆಟ್ಟಿಗೆಯಿಂದ ತೆಗೆದಾಗಲೇ ಎಷ್ಟೋ ಟಿವಿಗಳಲ್ಲಿ ಅದು ಆನ್ ಇರುತ್ತದೆ, ಸುಮ್ನೆ ಪರದೆಯನ್ನು ಮಂಕು ಮಾಡಿಬಿಡುತ್ತದೆ. ಅದನ್ನು ಆಫ್ ಮಾಡಿ, ಡಾಲ್ಬಿ ವಿಷನ್ ಅನ್ನುವ ಚಿತ್ರ ತಂತ್ರದ ಡಾರ್ಕ್ ಮೋಡ್‌ನಿಂದ ಬ್ರೈಟ್ ಮೋಡ್‌ಗೆ ಬಂದೆವು. ಡಾರ್ಕ್ ಮೋಡ್ ಇರುವುದು ದೀಪ ಆರಿಸಿ ನೋಡುವವರಿಗೆ. ಹೆಚ್ಚಿನ ಟಿವಿಗಳಲ್ಲಿ ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದು ಬಣ್ಣವಾಗುತ್ತದೆ ಅಷ್ಟೆ, ಬೆಳಕು ಹುಟ್ಟುವುದಿಲ್ಲ. ಬೆಳಕು ಬೇಕಾದರೆ ಪರದೆಯ ಹಿಂದಿನ ದೀಪ, ಅಂದರೆ ಬ್ಯಾಕ್‌ಲೈಟ್, ಏರಿಸಬೇಕು. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಟಿವಿ ಆದರೆ ಪಿಕ್ಸೆಲ್ ಬ್ರೈಟ್‌ನೆಸ್.

ಆಮೇಲೆ ರಕ್ತಪಿಶಾಚಿ ಕೌಂಟ್ ಓರ್ಲಾಕ್‌ನ ಕೋಟೆಯ ಊಟದ ಸೀನ್ ಹಾಕಿದರು. "ನೋಡಪ್ಪಾ, ಇಲ್ಲಿ ಆ ಕೌಂಟ್‌ನ ಮುಖಾನೇ ಕಾಣಲ್ಲ."

"ಅದು ಕಾಣಬಾರ್ದು ಅಂತಲೇ ತೆಗ್ದಿರೋದು ಸರ್."

ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಗ ನೆನಪಿಗೆ ಬಂದದ್ದು 1922ರ ಸಿನಿಮಾ. ಅವರೂ ನೋಡಿದ್ದರು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಕಪ್ಪು ಬಿಳುಪು ಕಾಪಿ. ಅದರಲ್ಲಿ ಓರ್ಲಾಕ್ ತನ್ನ ಶವಪೆಟ್ಟಿಗೆ ಕಂಕುಳಲ್ಲಿ ಇರುಕಿಕೊಂಡು ಹಾಡಹಗಲಲ್ಲಿ ಊರೊಳಗೆ ತಿರುಗುತ್ತಾನೆ. ಆದರೆ ಅದೇ ಸಿನಿಮಾದ ಕೊನೆಗೆ ಸೂರ್ಯನ ಬೆಳಕು ಬಿದ್ದೇ ಸಾಯುತ್ತಾನೆ! ರಕ್ತಪಿಶಾಚಿಯನ್ನು ಬಿಸಿಲು ಕೊಲ್ಲುವುದು ಆ ಸಿನಿಮಾದಿಂದಲೇ ರೂಢಿಗೆ ಬಂದದ್ದು, ಅದಕ್ಕೆ ಮೂಲವಾದ ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' ಕಾದಂಬರಿಯಲ್ಲಿ ಅದಿಲ್ಲ. ಹಾಗಾದರೆ ಹಗಲಲ್ಲಿ ಹೇಗೆ ತಿರುಗಿದ? ಆ ಕಾಲದ ಫಿಲ್ಮ್‌ಗೆ ರಾತ್ರಿಯಲ್ಲಿ ಹೊರಗಡೆ ತೆಗೆಯುವಷ್ಟು ಶಕ್ತಿ ಇರಲಿಲ್ಲ. ಹಗಲಲ್ಲೇ ತೆಗೆದು, ಪ್ರಿಂಟ್‌ಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಅಂದರೆ ರಾತ್ರಿ ಅಂತ ಜನರಿಗೆ ಗೊತ್ತಿತ್ತು. ಕಾಪಿ ಮಾಡುತ್ತಾ ಮಾಡುತ್ತಾ ಬಣ್ಣ ಹೋಯಿತು, ರಾತ್ರಿ ಹಗಲಾಯಿತು. ರಿಪೇರಿ ಮಾಡಿ ಬಿಟ್ಟಿರುವ ಡಿಸ್ಕ್‌ಗಳಲ್ಲಿ ಆ ನೀಲಿ ಮತ್ತೆ ಇದೆ.

"ಬ್ರೈಟ್‌ನೆಸ್ ಎಪ್ಪತ್ತಕ್ಕೆ ಇಟ್ರೆ ಹೊಸದಕ್ಕೂ ಅದೇ ಗತಿ ಸರ್" ಅಂದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ರಿಮೋಟ್ ಮೇಜಿನ ಮೇಲಿಟ್ಟರು.

ಟ್ಯೂಬ್‌ಲೈಟ್ ಮಾತ್ರ ದೊಡ್ಡ ಪಂಚಾಯ್ತಿಯಾಯಿತು. "ಲೈಟ್ ಆರಿಸ್ಬೇಡಪ್ಪಾ, ನಾನು ಇಲ್ಲೇ ಕೂತು ಸೊಪ್ಪು ಸೋಸ್ತೀನಿ" ಅಂತ ಅಮ್ಮ. ಕೊನೆಗೆ ಟಿವಿ ಹಿಂದೆ ಗೋಡೆಗೆ ಬೆಳಕು ಬೀಳುವ ಹಾಗೆ ಎಲ್‌ಇಡಿ ಪಟ್ಟಿ ಅಂಟಿಸಿದೆವು, ಅಮ್ಮನಿಗೆ ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್. ಪಟ್ಟಿ 6500 ಕೆಲ್ವಿನ್ ಬಿಳಿಯದ್ದೇ ಇರಲಿ, ಬಣ್ಣ ಬದಲಾಯಿಸುವ ಪಟ್ಟಿ ಬೇಡ. ಗೋಡೆ ನೇರಳೆಯಾದರೆ ಕಣ್ಣಿಗೆ ಪರದೆಯ ಬಣ್ಣವೂ ತಪ್ಪಿಹೋಗುತ್ತದೆ. ಹುಡುಗರು ಆ ಬಣ್ಣದ ಪಟ್ಟಿ ಮಾರುವ ಆಸೆಗೆ ಬೀಳುತ್ತಾರೆ, ಲಾಭ ಅದರಲ್ಲೇ ಜಾಸ್ತಿ. ನಾನು ಬಿಡುವುದಿಲ್ಲ.

ಇನ್ನೊಂದು ದೂರು: "ಎರಡೂ ಪಕ್ಕ ಕಪ್ಪು ಪಟ್ಟಿ ಬರ್ತಿದೆ, ಟಿವಿ ಡಿಫೆಕ್ಟಾ?" ಅಲ್ಲ. ಎತ್ತರ ಒಂದಾದರೆ ಸಿನಿಮಾದ ಚೌಕಟ್ಟಿನ ಅಗಲ 1.66, ನಮ್ಮ ಟಿವಿಯದ್ದು 1.78. 55 ಇಂಚಿನ ಟಿವಿಯಲ್ಲಿ ಒಂದೊಂದು ಪಕ್ಕಕ್ಕೆ ಸುಮಾರು 4 ಸೆಂಟಿಮೀಟರ್ ಖಾಲಿ ಉಳಿಯಲೇಬೇಕು. ಟೇಪ್ ಹಿಡಿದು ಅಳೆದು ತೋರಿಸಿದರೆ ಜನ ಥಟ್ ಅಂತ ನಂಬುತ್ತಾರೆ. ಝೂಮ್ ಮಾಡಿದರೆ ಮೇಲಿನದ್ದೂ ಕೆಳಗಿನದ್ದೂ ಕತ್ತರಿಸಿ ಹೋಗುತ್ತದೆ.

ಪರದೆ ಮೇಲೆ ರವೆ ಉದುರಿಸಿದ ಹಾಗಿದೆ ಅಂತಲೂ ಕೆಲವರು ಹೇಳುತ್ತಾರೆ. ಅದು ಫಿಲ್ಮಿನ ಗ್ರೇನ್, ಫಿಲ್ಮಿನಲ್ಲೇ ಇರುವ ಸಣ್ಣ ಕಾಳು. ನಾಯ್ಸ್ ರಿಡಕ್ಷನ್ ಹಾಕಿದರೆ ರವೆಯ ಜೊತೆಗೆ ಮುಖದ ಚರ್ಮವೂ ಮೇಣವಾಗುತ್ತದೆ. ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡುವುದಂತೂ ಹೇಳಬೇಕಾಗಿಲ್ಲ.

ಸೌಂಡ್ ವಿಚಾರಕ್ಕೆ ಬರೋಣ. ಓರ್ಲಾಕ್ ಪಾತ್ರ ಮಾಡಿದ ಬಿಲ್ ಸ್ಕಾರ್ಸ್‌ಗಾರ್ಡ್, ದನಿ ಕೆಳಗಿಳಿಸಲು ಒಪೆರಾ ಗಾಯಕಿಯ ಹತ್ತಿರ ಅಭ್ಯಾಸ ಮಾಡಿದ್ದರು. ಆ ದನಿ ಸಬ್‌ವೂಫರ್‌ವರೆಗೆ ಇಳಿಯುತ್ತದೆ. ಹಾಗಾಗಿ "ಅವನು ಬಾಯಿ ಬಿಟ್ರೆ ಸ್ಪೀಕರ್ ಹರಿದ ಹಾಗೆ ಕೇಳುತ್ತೆ" ಅಂತ ಫೋನ್ ಬಂದರೆ, ನಮ್ಮ ಹುಡುಗರು ಹೋಗಿ ಸ್ಪೀಕರ್ ಬಿಚ್ಚುವ ಹಾಗಿಲ್ಲ. ಅದೇ ಮಾತು ಮತ್ತೆ ಹಾಕಿಸಿ, ಶೋಕೇಸಿನ ಗಾಜಿಗೆ ಅಂಗೈ ಒತ್ತಿ ಹಿಡಿಯಬೇಕು. ಸದ್ದು ನಿಂತರೆ ಸ್ಪೀಕರ್ ಸರಿಯಿದೆ. ಜಾರುವ ಗಾಜು ಕೂರುವ ಸಂದಿಯಲ್ಲಿ ಒಂದು ತುಂಡು ಫೆಲ್ಟ್ ಬಟ್ಟೆ ಸಿಕ್ಕಿಸಿ, ಸಬ್‌ವೂಫರ್ ಅನ್ನು ಮೂಲೆಯಿಂದ ಒಂದಡಿ ಈಚೆಗೆ ಎಳೆದರೆ ಮುಗಿಯಿತು. ಶೋಕೇಸಿನಲ್ಲಿ ಸ್ಟೀಲ್ ಲೋಟದ ಸೆಟ್ ಜೋಡಿಸಿಟ್ಟಿದ್ದರೆ ಅದನ್ನೂ ಬಿಡಿಸಿಡಬೇಕು. ಅಪಾರ್ಟ್‌ಮೆಂಟ್ ಆದರೆ ರಾತ್ರಿಗೆ ನೈಟ್ ಮೋಡ್ ಹಾಕಿಕೊಡುತ್ತೇವೆ. ಪಿಸುಮಾತು ಏರುತ್ತದೆ, ಕಿರುಚಾಟ ಇಳಿಯುತ್ತದೆ. ಹಾರರ್ ಸಿನಿಮಾಕ್ಕೆ ಅದು ಅನ್ಯಾಯ, ಆದರೆ ಕೆಳಗಿನ ಮನೆಯವರೂ ಮಲಗಬೇಕಲ್ಲ.

ಡಿಸ್ಕೇ ಯಾಕೆ, ಆನ್‌ಲೈನ್‌ನಲ್ಲಿ ನೋಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಮಾಮೂಲಿ ಸಿನಿಮಾಕ್ಕೆ ಸಾಕು. ಇಂಥ ಕತ್ತಲೆ ಸಿನಿಮಾಕ್ಕೆ ಡಾಟಾ ಕಡಿಮೆಯಾದರೆ ಮೊದಲು ಕಾಣುವುದೇ ನೆರಳಿನಲ್ಲಿ, ಪಟ್ಟೆ ಪಟ್ಟೆಯಾಗಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ವೇಗ ಇರಲಿ ಅನ್ನುತ್ತದೆ. 100 ಜಿಬಿಯ 4ಕೆ ಡಿಸ್ಕ್ 128ರವರೆಗೂ ಹೋಗಬಲ್ಲದು. ತರಿಸುವವರು ಒಂದು ನೋಡಿಕೊಳ್ಳಿ. ಯಾವ ದೇಶಗಳಲ್ಲಿ ಓಡಬೇಕು ಅಂತ ಡಿಸ್ಕ್‌ಗೆ ಹಾಕುವ ಗುರುತು ರೀಜನ್. ಅಮೆರಿಕದ ಮಾಮೂಲಿ ಬ್ಲೂ-ರೇ ಸಾಮಾನ್ಯವಾಗಿ ರೀಜನ್ ಎ, ಭಾರತದ್ದು ರೀಜನ್ ಸಿ. ರೀಜನ್ ಲಾಕ್ ಇದ್ದರೆ ಇಲ್ಲಿನ ಪ್ಲೇಯರ್ ಓಡಿಸುವುದಿಲ್ಲ. 4ಕೆ ಡಿಸ್ಕ್‌ಗೆ ಆ ಕಾಟ ಇಲ್ಲ, ಆದರೆ ಪ್ಲೇಯರೂ 4ಕೆಯದ್ದೇ ಆಗಿರಬೇಕು. ಹಳೇ ಬ್ಲೂ-ರೇ ಪ್ಲೇಯರ್ ಇಟ್ಟುಕೊಂಡು 4ಕೆ ಡಿಸ್ಕ್ ತರಿಸಿ ನಮಗೆ ಫೋನ್ ಮಾಡಬೇಡಿ.