‘ನಮ್ಮ ಮಕ್ಕಳು ಬಾಯೇ ಬಿಡಲ್ಲ’ ಅನ್ನುವ ಮೇಷ್ಟ್ರುಗಳಿಗೆ

ಸಕಲೇಶಪುರ, ಆಲೂರು, ಬೇಲೂರು ಕಡೆಯ ಹೈಸ್ಕೂಲು ಮೇಷ್ಟ್ರುಗಳು, ಟೀಚರುಗಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಚರ್ಚೆ ಮಾಡಿಸಿ ಅಂತ ತರಬೇತಿಯಲ್ಲಿ ಹೇಳ್ತಾರೆ. ಕ್ಲಾಸಿಗೆ ಹೋಗಿ ಕೇಳಿದ್ರೆ ಮುಂದಿನ ಬೆಂಚಿನ ಇಬ್ಬರು ಮೂವರನ್ನು ಬಿಟ್ಟು ಯಾರೂ ಬಾಯಿ ಬಿಡಲ್ಲ. ಏನು ಮಾಡೋದು?"

ಇದೇ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಕೂತಾಗ, ರಾತ್ರಿ ತೋಟಕ್ಕೆ ಬಂದಿದ್ದ ಆನೆ ಒಂಟಿಯೋ ಗುಂಪೋ ಅಂತ ಜಗಳಕ್ಕೆ ಬೀಳುವಷ್ಟು ಮಾತಾಡುತ್ತಾರೆ. ಹಾಗಾಗಿ ‘ಹಳ್ಳಿ ಮಕ್ಕಳು, ನಾಚಿಕೆ’ ಅನ್ನುವ ಕಾರಣವನ್ನು ನಾನು ಒಪ್ಪುವುದಿಲ್ಲ. ತೊಡಕಿರುವುದು ನಾವು ಕೇಳುವ ಪ್ರಶ್ನೆಯಲ್ಲಿ, ಮತ್ತು ಮಗು ಉತ್ತರ ಹೇಳಿದ ಮರುಕ್ಷಣ ನಮ್ಮ ಬಾಯಿಂದ ಬರುವ ಮಾತಿನಲ್ಲಿ.

ಮೊದಲು ಪ್ರಶ್ನೆ. "ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವರು ಯಾರು?" ವಿಷ್ಣುವರ್ಧನ. ಅಲ್ಲಿಗೆ ಮುಗಿಯಿತು, ಇಬ್ಬರು ಮಾತಾಡಲು ಅದರಲ್ಲಿ ಏನೂ ಉಳಿದಿಲ್ಲ. ಉತ್ತರ ಮೇಷ್ಟ್ರಿಗೆ ಗೊತ್ತಿದೆ, ತಪ್ಪು ಹೇಳಿದರೆ ಮಾನ ಹೋಗುತ್ತೆ ಅಂತ ಮಗುವಿಗೂ ಗೊತ್ತಿದೆ. ಅದೇ ಪಾಠದಲ್ಲಿ ಹೀಗೆ ಕೇಳಿ ನೋಡಿ: "2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿನಲ್ಲಿ ದಿನಾ ಪೂಜೆ ಇದೆ, ಸೋಮನಾಥಪುರದಲ್ಲಿ ಇಲ್ಲ. ಯಾವ ಗುಡಿಯನ್ನು ಕಾಪಾಡೋದು ಹೆಚ್ಚು ಕಷ್ಟ?" ಎಣ್ಣೆ, ದೀಪದ ಹೊಗೆ, ಜನರ ನೂಕುನುಗ್ಗಲು ಅನ್ನುವ ಮಗು ಇರುತ್ತದೆ. ಪೂಜೆ ಇರುವ ಗುಡಿಯನ್ನು ಊರಿನವರೇ ಕಾಯುತ್ತಾರೆ ಅನ್ನುವ ಮಗುವೂ ಇರುತ್ತದೆ. ಎರಡೂ ಹುರುಳಿರುವ ಮಾತೇ.

ಪ್ರಶ್ನೆ ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಹಿಂದಿನ ದಿನವೇ ಅದನ್ನು ಬರೆದುಕೊಂಡು, ಅದರ ಕೆಳಗೆ ಬುದ್ಧಿವಂತ ಮಕ್ಕಳಿಬ್ಬರು ಕೊಡಬಹುದಾದ ಎರಡು ಬೇರೆ ಬೇರೆ ಉತ್ತರ ಬರೆಯಿರಿ. ಎರಡನೆಯದು ಹೊಳೆಯದಿದ್ದರೆ ಅದು ಕ್ವಿಜ್ ಪ್ರಶ್ನೆ. ಭೂಗೋಳಕ್ಕೆ ಗೊರೂರು ಅಣೆಕಟ್ಟು ಕಣ್ಣೆದುರಿಗೇ ಇದೆ: ಮಳೆ ಕೈಕೊಟ್ಟ ವರ್ಷ ಹೇಮಾವತಿ ನೀರು ಮೊದಲು ಹಾಸನದ ಗದ್ದೆಗೋ, ತುಮಕೂರಿನ ಕುಡಿಯುವ ನೀರಿಗೋ? ವಿಜ್ಞಾನಕ್ಕೆ ಆಲೂಗಡ್ಡೆಯ ಅಂಗಮಾರಿ ರೋಗ: ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ ವಾರದಲ್ಲೇ ಹೊಲ ಸುಟ್ಟಂತೆ ಆಗುವುದು ಯಾಕೆ, ಒಂದು ಹೊಲಕ್ಕೆ ಬಂದು ಪಕ್ಕದ್ದು ಉಳಿದರೆ ಅದಕ್ಕೆ ಏನೇನು ಕಾರಣ ಇರಬಹುದು? ಗಣಿತದಲ್ಲಿ ಚರ್ಚೆ ಆಗಲ್ಲ ಅನ್ನುವವರು ಬೋರ್ಡಿನ ಮೇಲೆ 1/2 + 1/3 = 2/5 ಅಂತ ಬರೆದು, "ಲೆಕ್ಕ ಮಾಡದೆ ಇದು ತಪ್ಪು ಅಂತ ತೋರಿಸಿ" ಅನ್ನಲಿ. 2/5 ಅರ್ಧಕ್ಕಿಂತ ಚಿಕ್ಕದು, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯ್ತು ಅಂತ ಒಬ್ಬರಾದರೂ ಹಿಡಿಯುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದು, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲಿ ಬರೆದರು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಕಾಯಬೇಕಾದ ಜಾಗ ಎರಡು ಎಂದೂ ಅವರು ತೋರಿಸಿದರು: ಪ್ರಶ್ನೆಯ ನಂತರ, ಮತ್ತು ಉತ್ತರದ ನಂತರ. ನಮ್ಮಲ್ಲಿ ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮನಸ್ಸಿನಲ್ಲೇ ಐದು ಎಣಿಸಿ.

ಆದರೆ 45 ಮಕ್ಕಳ ಒಂಬತ್ತನೇ ಕ್ಲಾಸಿನಲ್ಲಿ ಸುಮ್ಮನಿದ್ದರಷ್ಟೇ ಸಾಲದು. ಎದ್ದು ನಿಂತು ಎಲ್ಲರೆದುರು ಮಾತಾಡುವ ಮೊದಲು ಮಗುವಿನ ಕೈಯಲ್ಲಿ ಏನಾದರೂ ಇರಬೇಕು. ಎರಡು ನಿಮಿಷ ರಫ್ ನೋಟ್‌ಬುಕ್ಕಿನಲ್ಲಿ ತಮ್ಮ ಉತ್ತರ ಒಂದೆರಡು ಸಾಲು ಬರೆಯಲಿ, ಮಾತು ಬೇಡ. ಆಮೇಲೆ ನಾಲ್ಕು ನಿಮಿಷ ಪಕ್ಕದವರ ಜೊತೆ ಮಾತು. ಆಮೇಲೆ ಇಡೀ ತರಗತಿಗೆ 12ರಿಂದ 15 ನಿಮಿಷ. ಕೊನೆಗೆ ಐದು ನಿಮಿಷ ಮತ್ತೆ ಬರವಣಿಗೆ: "ಮೊದಲು ಬರೆದದ್ದರಲ್ಲಿ ಏನು ಬದಲಾಯಿಸ್ತೀರಿ?" ಬೋರ್ಡ್ ಕೆಲಸ, ಹಾಜರಿ ಎಲ್ಲ ಸೇರಿ 40 ನಿಮಿಷದ ಪೀರಿಯಡ್ಡಿಗೆ ಸರಿಹೋಗುತ್ತದೆ. ಮೊದಲ ಮೂರು ಹಂತದ ಈ ಕ್ರಮವನ್ನು 1981ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ ಎಂಬವರು ರೂಪಿಸಿದರು. ಬೆಂಚು ಎಳೆದಾಡುವ ಅಗತ್ಯವೇ ಇಲ್ಲ, ಅದಕ್ಕೇ ನಮ್ಮ ಶಾಲೆಗಳಿಗೆ ಇದು ಒಗ್ಗುತ್ತದೆ. ಜೋಡಿ ಮಾತಿನಲ್ಲಿ ಲೈನ್ ಮನೆಯ (ತೋಟದ ಕೂಲಿಗಳ ಸಾಲುಮನೆಯ) ಮಕ್ಕಳು ತಮಿಳಿನಲ್ಲೋ ತುಳುವಿನಲ್ಲೋ ಮಾತಾಡಿಕೊಂಡರೆ ಬಿಟ್ಟುಬಿಡಿ. ನಾಲ್ಕು ನಿಮಿಷಕ್ಕಿಂತ ಎಳೆದರೆ ಮಾತು ಕ್ರಿಕೆಟ್ಟಿಗೆ ಹೋಗುತ್ತದೆ.

ಇನ್ನು ಮಗುವಿನ ಉತ್ತರಕ್ಕೆ ನಾವು ಆಡುವ ಮರುಮಾತು. ಹೆಚ್ಚಿನ ಚರ್ಚೆಗಳು ಸಾಯುವುದು ಇಲ್ಲೇ. "ಆನೆ ತೋಟಕ್ಕೆ ಬರೋದಕ್ಕೆ ಕಾಡು ಕಮ್ಮಿಯಾಗಿದ್ದೊಂದೇ ಕಾರಣಾನಾ?" ಅಂತ ಕೇಳಿದಿರಿ ಅಂದುಕೊಳ್ಳಿ.

"ಕಾಡಲ್ಲಿ ತಿನ್ನಕ್ಕೆ ಇಲ್ಲ ಮಿಸ್, ಅದಕ್ಕೆ ಬತ್ತವೆ."

ಇಲ್ಲಿ "ವೆರಿ ಗುಡ್, ಕೂತ್ಕೊ" ಅಂದರೆ ಸರಿಯುತ್ತರ ಸಿಕ್ಕಿತು ಅಂತ ಉಳಿದ 44 ಮಕ್ಕಳು ಪೆನ್ನು ತೆಗೆದು ಬರೆಯಲು ಕಾಯುತ್ತಾರೆ. "ಬತ್ತವೆ ಅಲ್ಲ, ಬರುತ್ತವೆ" ಅಂದರೆ ಆ ಹುಡುಗ ಮತ್ತೆ ಈ ವರ್ಷ ಬಾಯಿ ಬಿಡುವುದಿಲ್ಲ. ಹೊಗಳಿಕೆಯೂ ಬೇಡ, ತಿದ್ದುಪಡಿಯೂ ಬೇಡ. ತಲೆಯಾಡಿಸಿ, ಐದು ಎಣಿಸಿ, ಇನ್ನೊಬ್ಬರ ಕಡೆ ತಿರುಗಿ: "ಅವನು ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳು. ಒಪ್ತೀಯಾ?"

"ಇಲ್ಲ ಮಿಸ್. ಹಲಸಿನಹಣ್ಣಿನ ಟೈಮಲ್ಲೇ ಜಾಸ್ತಿ ಬರೋದು. ಕಾಡಲ್ಲಿ ಇಲ್ಲ ಅಂತಲ್ಲ, ಇಲ್ಲಿ ಚೆನ್ನಾಗಿರೋದು ಸಿಗುತ್ತೆ ಅಂತ."

"ತೋಟದ ಕೆರೇಲಿ ನೀರೂ ಐತೆ."

"ಹಂಗಾದ್ರೆ ಹಲಸಿನ ಮರ ಕಡಿದ್ರೆ ಬರಲ್ವಾ?"

ಕೊನೆಯ ಪ್ರಶ್ನೆ ಕೇಳಿದ್ದು ಮಗು. ಅಲ್ಲಿಗೆ ನಿಮ್ಮ ಅರ್ಧ ಕೆಲಸ ಆಯಿತು. ನೀವು ಬಳಸುವ ಮಾತು ನಾಲ್ಕೈದೇ ಸಾಕು: ‘ಅದು ನಿನಗೆ ಹೇಗೆ ಗೊತ್ತಾಯ್ತು’, ‘ಇದಕ್ಕೆ ವಿರುದ್ಧ ಏನಾದರೂ ನೋಡಿದ್ದೀಯಾ’, ‘ಅವಳ ಮಾತಿಗೆ ಏನು ಸೇರಿಸ್ತೀಯ’. ಬೋರ್ಡಿನ ಮೇಲೆ ಮಕ್ಕಳ ಮಾತನ್ನು ಅವರು ಹೇಳಿದ ಹಾಗೇ ಬರೆಯಿರಿ. ಗ್ರಾಂಥಿಕಕ್ಕೆ ತಿರುಗಿಸುವ ಕೆಲಸ ಕೊನೆಯ ಐದು ನಿಮಿಷದ ಬರವಣಿಗೆಯಲ್ಲಿ ಅವರೇ ಮಾಡಲಿ, ಪರೀಕ್ಷೆಗೂ ಅದು ಬೇಕು.

ಮೂವರೇ ಮಾತಾಡುತ್ತಾರೆ ಅನ್ನುವ ದೂರಿಗೆ ಮದ್ದು ಕೈ ಎತ್ತಿಸುವುದನ್ನು ನಿಲ್ಲಿಸುವುದು. ಹೆಸರು ಬರೆದ ಚೀಟಿಗಳ ಡಬ್ಬಿಯಿಂದ ಒಂದನ್ನು ಎತ್ತಿ. ಜೋಡಿ ಮಾತು ಮುಗಿದ ಮೇಲೆ ಮಾತ್ರ ಎತ್ತಿ, ಇಲ್ಲದಿದ್ದರೆ ಅದು ಶಿಕ್ಷೆಯಾಗುತ್ತದೆ. ಹೆಸರು ಬಂದ ಮಗು "ನನ್ನ ಪಕ್ಕದವಳು ಹೀಗಂದ್ಲು" ಅಂತ ಹೇಳಿದರೂ ಸಾಕು. ಹೆಣ್ಣುಮಕ್ಕಳ ಕಡೆಯಿಂದ ಮೊದಲ ದನಿ ಬರುವುದು ಬಹುಪಾಲು ಹೀಗೇ.

ತಪ್ಪು ಮಾಹಿತಿ ಬಂದರೆ ತಕ್ಷಣ ಮೇಲೆ ಬೀಳಬೇಡಿ. ಬೋರ್ಡಿನ ಮೂಲೆಯಲ್ಲಿ ಬರೆದು ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಪೀರಿಯಡ್ ಮುಗಿಯುವ ಮೊದಲು ಪುಸ್ತಕ ತೆರೆಸಿ ಅದನ್ನು ಇತ್ಯರ್ಥ ಮಾಡಲೇಬೇಕು, ಹಾಗೇ ಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಜಾತಿ, ಮನೆತನ, ತೋಟದ ಸಾಹುಕಾರರ ಮಾತು ಬಂದಾಗ ಮಾತ್ರ ನೀವು ನಡುವೆ ಬರಬೇಕು. ಮಾಲೀಕರ ಮಗ ಮತ್ತು ಅದೇ ತೋಟದಲ್ಲಿ ಕೂಲಿ ಮಾಡುವವರ ಮಗಳು ಒಂದೇ ಬೆಂಚಿನಲ್ಲಿ ಇರುವ ಊರು ನಮ್ಮದು. ಅಲ್ಲಿ ‘ನೀವು’ ಬಿಟ್ಟು ‘ಒಬ್ಬ ಮಾಲೀಕ’, ‘ಒಬ್ಬ ಕಾರ್ಮಿಕೆ’ ಅಂತ ಪಾತ್ರ ಕೊಟ್ಟು, ಅರ್ಧ ಹೊತ್ತಿಗೆ ಪಾತ್ರ ಅದಲು ಬದಲು ಮಾಡಿಸಿ. ಯಾರ ಮನೆಯ ಮಾನವೂ ಪಣಕ್ಕೆ ಬೀಳದೆ ಮಾತು ಮುಂದುವರಿಯುತ್ತದೆ.

ಜುಲೈ ಮಳೆ ಶೀಟಿನ ಮೇಲೆ ಬಡಿಯುವಾಗ ಯಾರ ದನಿಯೂ ಕೇಳುವುದಿಲ್ಲ. ಆಗ ಬೆಂಚಿಗೊಂದು ಹಾಳೆ ಕೊಟ್ಟು, ಮೇಲೆ ಪ್ರಶ್ನೆ ಬರೆಸಿ. ಎರಡು ನಿಮಿಷಕ್ಕೊಮ್ಮೆ ಹಾಳೆ ಹಿಂದಿನ ಬೆಂಚಿಗೆ ಹೋಗಲಿ, ಹಿಂದಿನವರು ಬರೆದದ್ದಕ್ಕೆ ಉತ್ತರವಾಗಿಯೇ ಮುಂದಿನ ಸಾಲು ಬರೆಯಬೇಕು ಅನ್ನುವುದೊಂದೇ ನಿಯಮ. ಐದು ಬೆಂಚು ದಾಟಿದ ಹಾಳೆಯಲ್ಲಿ ಒಳ್ಳೆಯ ವಾದವೇ ಸಿಗುತ್ತದೆ.

ಸಿಲಬಸ್ ಯಾವಾಗ ಮುಗಿಸೋದು ಅಂತ ಕೊನೆಗೆ ಎಲ್ಲರೂ ಕೇಳುತ್ತಾರೆ. ಎಲ್ಲ ಪಾಠಕ್ಕೂ ಚರ್ಚೆ ಬೇಡ, ವ್ಯಾಖ್ಯೆ, ಸೂತ್ರಗಳನ್ನು ನೇರವಾಗಿ ಹೇಳಿಕೊಡಿ. ವಾರಕ್ಕೆ ಒಂದು ಪೀರಿಯಡ್ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಮಕ್ಕಳಿಗಾದರೆ ‘ಕಾರಣ ಕೊಡಿ’, ‘ಸಮರ್ಥಿಸಿ’ ಅನ್ನುವ ಪ್ರಶ್ನೆ ಬೀಳುವ ಪಾಠಗಳನ್ನೇ ಆರಿಸಿ. ಮೊದಲ ಎರಡು ಮೂರು ವಾರ ಮಾತು ಕುಂಟುತ್ತದೆ. ಅಷ್ಟಕ್ಕೇ ಕೈಬಿಡಬೇಡಿ.